ಗಂಜಿಯ ಓಣಿಗೆ ಹಳದಿ ಬಣ್ಣ

ಅವರ ಬಲಗೈಯ ಕಿರುಬೆರಳಿನ ಅಂಚು ಸದಾ ಹಳದಿಯಾಗಿರುತ್ತಿತ್ತು. ಅರಸಿನವಲ್ಲ, ಬಣ್ಣದ ಪೆನ್ಸಿಲಿನ ಕಲೆ. ನಗರ ಯೋಜನೆಯ ಕಚೇರಿಯಲ್ಲಿ ನಕ್ಷೆಗೆ ಬಣ್ಣ ತುಂಬುವುದು ಅವರ ಕೆಲಸ. ಮನೆಗಳಿಗೆ ಹಳದಿ, ಅಂಗಡಿಗಳಿಗೆ ನೀಲಿ. ನಾನವರನ್ನು ನಕ್ಷೆ ಮಾವ ಎನ್ನುತ್ತಿದ್ದೆ.

ಅತ್ತಾವರದ ನಮ್ಮ ಮನೆಯ ಎದುರು ಕೋಣೆಯಲ್ಲಿ ಅಮ್ಮ ಗಂಜಿ ಮಾರುತ್ತಿದ್ದಳು. ಓಣಿಯ ತುದಿಯ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಇರುವವರು ಪಾತ್ರೆ ಹಿಡಿದು ಬರುತ್ತಿದ್ದರು. ಅಪ್ಪನಿಲ್ಲದ ನಮ್ಮ ಮನೆ ನಡೆಯುತ್ತಿದ್ದದ್ದೇ ಅದರಿಂದ. ನಕ್ಷೆ ಮಾವನೂ ದಿನಾ ಬೆಳಿಗ್ಗೆ ಅಲ್ಲೇ ಕೂತು, ಉಪ್ಪಿನಕಾಯಿ ನೆಕ್ಕುತ್ತಾ ನನಗೆ ದೇಶ ಸುತ್ತಿಸುತ್ತಿದ್ದರು.

“ಅಮೆರಿಕದಲ್ಲಿ ಎಷ್ಟೋ ಕಡೆ ಮನೆ ಇದ್ದಲ್ಲಿ ಬರೀ ಮನೆ ಮಾರಾಯ್ತಿ. ಹಾಲು ಬೇಕಾದ್ರೂ ಕಾರು ತೆಗೀಬೇಕು. ಜಪಾನಿನಲ್ಲಿ ಹಾಗಲ್ಲ, ಮನೆಯಲ್ಲೇ ಸಣ್ಣ ಅಂಗಡಿ ಇಡ್ಲಿಕ್ಕೆ ಕಾನೂನೇ ಉಂಟು.”

ಸ್ವತಃ ಕಾಸರಗೋಡು ದಾಟಿದವರಲ್ಲ! ಎಲ್ಲ ಕಚೇರಿಯ ಪುಸ್ತಕದಲ್ಲಿ ಓದಿದ್ದು.

ಇಂಥವರೇ ಹೊಸ ನಕ್ಷೆಯಲ್ಲಿ ನಮ್ಮ ಓಣಿಗೆ ಪೂರ್ತಿ ಹಳದಿ ಬಳಿದುಬಿಟ್ಟರು. ನಕ್ಷೆ ಖಾಯಂ ಆದರೆ ಗಂಜಿ ಮಾರುವುದನ್ನು ನಿಲ್ಲಿಸಬೇಕೆಂದು ನೋಟಿಸ್ ಬಂತು. ಅಮ್ಮ ಅದನ್ನು ತಂದು ಅವರ ಬಟ್ಟಲಿನ ಪಕ್ಕ ಇಟ್ಟಳು.

“ಅಲ್ಲ ಅಣ್ಣ, ಇಷ್ಟು ವರ್ಷ ಇಲ್ಲಿ ಕೂತು ನೀವು ತಿಂದದ್ದೆಂತ? ಬಣ್ಣವಾ?”

ಮಾವ ಅರ್ಧ ಗಂಜಿ ಬಿಟ್ಟು ಎದ್ದುಹೋದರು. ನನಗೂ ಮೈಯೆಲ್ಲ ಉರಿದಿತ್ತು. ಬಟ್ಟಲನ್ನು ಬೇಕೆಂದೇ ಸದ್ದು ಮಾಡಿ ಎತ್ತಿದೆ.

ಹೊಸ ನಕ್ಷೆಯ ಬಗ್ಗೆ ಕಚೇರಿಯಲ್ಲಿ ಜನರ ಆಕ್ಷೇಪಣೆ ಕೇಳುವ ದಿನ ಅವರು ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಬಂದು ಅಮ್ಮನ ಪಕ್ಕದಲ್ಲೇ ಕೂತರು. ನಮ್ಮ ಸರದಿ ಬಂದಾಗ ತಮ್ಮ ಸಾಹೇಬರ ಎದುರು ಎದ್ದು ನಿಂತರು.

“ಸರ್, ನಾನು ಜಪಾನಿನ ಕಾನೂನು ಓದಿ ಅಮೆರಿಕದ ಹಾಗೆ ಬಣ್ಣ ಹಾಕಿದ್ದೇನೆ. ಆಸ್ಪತ್ರೆ ಇದ್ದಲ್ಲಿ ಗಂಜಿ ಬೇಕಾಗ್ತದೆ. ದಿನಾ ಅಲ್ಲೇ ಉಂಡವನು ನಾನು, ತಪ್ಪು ನನ್ನದು.”

ಅಂಗಡಿ ಉಳಿಯಿತು. ಅವರಿಗೆ ಕಚೇರಿಯಿಂದ ಮೆಮೊ ಸಿಕ್ಕಿತು. ಮರುದಿನ ಅಮ್ಮ ಅವರ ಬಟ್ಟಲಿಗೆ ಒಂದು ಸೌಟು ಹೆಚ್ಚು ಬಡಿಸಿದಳು.

ನಾನೀಗ ಅದೇ ಕೆಲಸದಲ್ಲಿದ್ದೇನೆ, ಕಂಪ್ಯೂಟರಿನಲ್ಲಿ. ಯಾವ ಓಣಿಗಾದರೂ ಬಣ್ಣ ಹಾಕುವ ಮೊದಲು ಅಲ್ಲಿ ನಡೆದು, ಏನಾದರೊಂದು ಕೊಂಡು ತಿಂದು ಬರುತ್ತೇನೆ. ಸಹೋದ್ಯೋಗಿಗಳು ನಗುತ್ತಾರೆ, ನಗಲಿ.

ಹೋದ ವರ್ಷ ಮಾವನನ್ನು ನಮ್ಮ ಓಣಿಯ ತುದಿಯ ಆಸ್ಪತ್ರೆಗೇ ಸೇರಿಸಿದರು. ದಿನಾ ನಾನೇ ಗಂಜಿ ಒಯ್ದೆ. ಕೊನೆಯ ಬೆಳಿಗ್ಗೆ ಅವರು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದರು. ಕಿರುಬೆರಳಿನಲ್ಲಿ ಹಳದಿ ಇರಲಿಲ್ಲ.

“ಇನ್ನೂ ಬಿಸಿ ಉಂಟು,” ಎಂದರು. “ಕಾರು ತೆಗೀದೆ ಮನೆಯಿಂದ ನಡ್ಕೊಂಡೇ ತಂದದ್ದಲ್ವಾ?”