ಬಾಯ್ಲರ್ ಮೇಸ್ತ್ರಿಯ ಕೋಣ

ಬಾಯ್ಲರ್ ಮೇಸ್ತ್ರಿ ಹುಟ್ಟಿದಾಗ ಅತ್ತ ಅಳು ಮೂರು ಬೀದಿ ಆಚೆ ಬರುತ್ತಿದ್ದ ಸೂಲಗಿತ್ತಿಗೆ ಕೇಳಿಸಿ, ಹೆರಿಗೆ ಆಗಿಯೇ ಹೋಯಿತೆಂದು ಆಕೆ ಅರ್ಧ ದಾರಿಯಿಂದಲೇ ಮನೆಗೆ ತಿರುಗಿದಳಂತೆ. ಇದನ್ನು ಹೇಳಿದವನು ಮೇಸ್ತ್ರಿಯೇ ಆದ್ದರಿಂದ ಒಂದೆರಡು ಬೀದಿ ಕಳೆದು ನಂಬಬಹುದು.

ಹದಿನೆಂಟಕ್ಕೆ ಬಾಯ್ಲರ್ ಕಾರ್ಖಾನೆ ಸೇರಿದ. ಅಲ್ಲಿನ ಕೆಲಸ ಹೀಗೆ: ಮನೆಯಷ್ಟು ದೊಡ್ಡ ಕಬ್ಬಿಣದ ಪೀಪಾಯಿಯೊಳಗೆ ಒಬ್ಬ ಕೂತು, ಕೆಂಪಗೆ ಕಾದ ಮೊಳೆಯ ತಲೆಯನ್ನು ದಿಮ್ಮಿಯಿಂದ ಒತ್ತಿ ಹಿಡಿಯಬೇಕು, ಹೊರಗಿನಿಂದ ಇಬ್ಬರು ಸುತ್ತಿಗೆ ಬೀಸಬೇಕು. ಒಳಗಿದ್ದವನ ಪಾಡು ಗಂಟೆಯ ನಾಲಿಗೆಗೆ ಜೋತುಬಿದ್ದ ಇರುವೆಯ ಪಾಡು. ಮೊದಲ ವಾರ ಹಲ್ಲು ಅಲುಗುತ್ತದೆ. ಮೊದಲ ವರ್ಷ ಕನಸೂ ಢಣಢಣ ಎನ್ನುತ್ತದೆ. ಹತ್ತು ವರ್ಷಕ್ಕೆ ಎಲ್ಲ ಹಿತವಾಗುತ್ತದೆ, ಯಾಕೆಂದರೆ ಅಷ್ಟರಲ್ಲಿ ಕಿವಿ ಹೋಗಿರುತ್ತದೆ.

ಆ ಸದ್ದಿನಲ್ಲಿ ಬಾಯಿಮಾತು ಯಾರಿಗೆ ಬೇಕು? ಎಲ್ಲ ಕೈಸನ್ನೆ. ಮುಷ್ಟಿ ಹಿಡಿದರೆ ನಿಲ್ಲಿಸು, ಎರಡು ಬೆರಳು ತೋರಿಸಿದರೆ ಚಹಾ, ಮೂಗು ಹಿಡಿದರೆ ಸಾಹೇಬ ಬಂದ. ಮೇಸ್ತ್ರಿ ಕೈ ಎತ್ತಿದರೆ ಅವನ ಗ್ಯಾಂಗಿನವರೆಲ್ಲ ತಕ್ಷಣ ಕೈ ಎತ್ತಬೇಕು. "ಕಂಡೆ, ತಿಳಿಯಿತು" ಎಂದರ್ಥ. ಎತ್ತದೆ ಆಕಾಶ ನೋಡಿದವನು ಸಂಜೆ ಮನೆಗೆ ಹೋಗುವಾಗ ಬೆರಳುಗಳನ್ನು ಎಣಿಸಿಕೊಳ್ಳಬೇಕಾಗುತ್ತಿತ್ತು.

ಕಿವಿ ಹೋಯಿತೆಂದು ಯಾರೂ ಒಪ್ಪುತ್ತಿರಲಿಲ್ಲ. ಒಪ್ಪಿದವನನ್ನು ಉಗ್ರಾಣಕ್ಕೆ ತಳ್ಳಿ ಬೋಲ್ಟು ಆರಿಸಲು ಕೂರಿಸುತ್ತಿದ್ದರು, ಅದು ಗಂಡಸಿನ ಕೆಲಸವಲ್ಲ ಎಂದು ಇವರ ನಂಬಿಕೆ. ಆದ್ದರಿಂದ ಯಾರು ಏನೇ ಹೇಳಿದರೂ ತಲೆ ಆಡಿಸಿ "ಸರಿ ಸರಿ" ಎನ್ನುವುದು ರೂಢಿಯಾಯಿತು. ಹೀಗೆ ತಲೆ ಆಡಿಸಿಯೇ ಮೇಸ್ತ್ರಿ ಒಂದು ಹಾರ್ಮೋನಿಯಂ ಕೊಂಡ. ಅತ್ತೆಯನ್ನು ಎಂಟು ತಿಂಗಳು ಮನೆಯಲ್ಲಿ ಇರಿಸಿಕೊಂಡ. ಒಮ್ಮೆ ಬಸ್ಸಿನಲ್ಲಿ ಪಕ್ಕದ ಅಪರಿಚಿತನಿಗೆ ಹೆಣ್ಣು ಕೊಡಲೂ ಒಪ್ಪಿಬಿಟ್ಟ. ಪುಣ್ಯಕ್ಕೆ ಮೇಸ್ತ್ರಿಗೆ ಹೆಣ್ಣುಮಕ್ಕಳಿರಲಿಲ್ಲ.

ನಿವೃತ್ತಿಯ ದಿನ ಕಾರ್ಖಾನೆಯವರು ಗಡಿಯಾರ ಕೊಡಲು ಬಂದರು. "ಗಡಿಯಾರ ಬೇಡ, ಗುಜರಿಯಲ್ಲಿರೋ ಆ ಉಗಿ ಕೊಳವೆ ಕೊಡಿ" ಎಂದ. ಅದಕ್ಕೆ ಲಾರಿಗೆ ಎಣ್ಣೆ ಸುರಿಯುವ ಆಲಿಕೆ ಬೆಸೆದು, ಆರಡಿ ಉದ್ದದ, ಬಾಣಲೆಯಷ್ಟು ಬಾಯಿಯ ಕಹಳೆ ಮಾಡಿದ. ಮೊದಲ ಸಲ ಊದಿದಾಗ ಎದುರಿನ ಕಟ್ಟಡದ ಮೂರನೇ ಮಹಡಿಯಲ್ಲಿ ಹರವಿದ್ದ ಒದ್ದೆ ಬಟ್ಟೆಯೆಲ್ಲ ನೀರು ಕೊಡವಿ ಒಣಗಿ ನಿಂತಿತು. ಅದರ ಸ್ವರ ಕೇಳಿ ಬೀದಿಯವರು ಅದಕ್ಕೆ ಕೋಣ ಎಂದು ಹೆಸರಿಟ್ಟರು. ಕೋಣನ ಮುಂದೆ ಕಿನ್ನರಿ ಬಾರಿಸುವುದು ಗಾದೆ. ಈ ಊರಿನಲ್ಲಿ ಕೋಣವೇ ಬಾರಿಸಿತು, ಮನುಷ್ಯರು ಕೇಳಿದರು.

ಪ್ರತಿ ಭಾನುವಾರ ಕೋಣವನ್ನು ಹೆಗಲ ಮೇಲೆ ಹೊತ್ತು ಊರ ಫುಟ್‌ಬಾಲ್ ಕ್ಲಬ್ಬಿನ ಮೈದಾನಕ್ಕೆ ಹೋಗುತ್ತಿದ್ದ. ಅವನ ಹಳೆಯ ಗ್ಯಾಂಗಿನ ಹದಿನೈದು ಮಂದಿಯೂ ಅದೇ ಬೆಂಚಿನ ಸಾಲಿನಲ್ಲಿ ಕೂರುತ್ತಿದ್ದರು. ಚೆಂಡು ಅಲುಗಿದರೆ ಊದು, ನಿಂತರೆ ಊದು. ಹಕ್ಕಿಗಳು ಭಾನುವಾರ ಆ ಮೈದಾನದ ಮೇಲೆ ಹಾರುವುದನ್ನು ಬಿಟ್ಟು ಸುತ್ತು ಹಾಕಿಕೊಂಡು ಹೋಗುವುದನ್ನು ಕಲಿತವು.

ಮೇಸ್ತ್ರಿ ಯಾರಿಗೂ ಹೇಳದ ಒಂದು ಸಂಗತಿಯಿತ್ತು. ಮೈದಾನದಲ್ಲಿ ಸಾವಿರ ಜನ ಕಿರುಚಿದರೂ ಅವನಿಗೆ ಅದು ಗಾಜಿನ ತೊಟ್ಟಿಯ ಮೀನುಗಳು ಬಾಯಿ ತೆರೆದು ಮುಚ್ಚಿದಂತೆ. ಕೋಣವನ್ನು ತುಟಿಗಿಟ್ಟು ಊದಿದಾಗ ಮಾತ್ರ ಸದ್ದು ಹಲ್ಲಿನಿಂದ ದವಡೆಗೆ, ದವಡೆಯಿಂದ ಬುರುಡೆಗೆ ಹತ್ತಿ, ಒಳಗೆ ಎಲ್ಲೋ ಒಂದು ಬಾಗಿಲು ತೆರೆಯುತ್ತಿತ್ತು. ವಾರಕ್ಕೆ ಅವನು ಕೇಳುತ್ತಿದ್ದ ಸದ್ದು ಅದೊಂದೇ.

ಆದರೆ ಬೇರೆಯವರಿಗೂ ಬುರುಡೆಗಳಿದ್ದವು. ಕ್ಲಬ್ಬಿನ ಅಧ್ಯಕ್ಷರು ಹಲ್ಲಿನ ಡಾಕ್ಟರು. ಅವರ ದವಾಖಾನೆ ಮೈದಾನದ ಗೋಡೆಗೇ ಅಂಟಿಕೊಂಡಿತ್ತು. ಒಂದು ಭಾನುವಾರ ಕೋಣ ಕೂಗಿದ ಕ್ಷಣಕ್ಕೆ ಅವರ ಕೈ ಹಾರಿ, ಹುಳುಕು ಹಲ್ಲು ಬಿಟ್ಟು ಪಕ್ಕದ ಗಟ್ಟಿ ಹಲ್ಲು ಕೈಗೆ ಬಂತು. ಎರಡನೆಯ ವೈರಿ ಮನೆಯೊಳಗೇ ಇದ್ದ: ಪಂದ್ಯಗಳ ರೆಫರಿ, ಮೇಸ್ತ್ರಿಯ ಹೆಂಡತಿಯ ತಮ್ಮ.

"ಭಾವ, ನಾನು ವಿಷಲ್ ಊದಿ ಊದಿ ಕೆನ್ನೆ ಬಾತುಹೋಗಿದೆ. ಆಟ ನಿಲ್ಲಿಸಿ ಅಂದ್ರೆ ಒಬ್ಬನಿಗೂ ಕೇಳ್ಸಲ್ಲ. ಹೋದ ವಾರ ಪಂದ್ಯ ಮುಗಿದ ಮೇಲೂ ಹತ್ತು ನಿಮಿಷ ಆಡಿದ್ರು!"

"ಸರಿ ಸರಿ" ಎಂದ ಮೇಸ್ತ್ರಿ, ತಲೆ ಆಡಿಸಿ.

ಕೊನೆಗೆ ಕ್ಲಬ್ಬಿನ ಬಾಗಿಲಿಗೆ ಚೀಟಿ ಬಿತ್ತು: ಮೈದಾನದಲ್ಲಿ ಕಹಳೆಗೆ ಅನುಮತಿ ಕೊಡಬೇಕೆ? ಸದಸ್ಯರೆಲ್ಲ ಸಭೆಗೆ ಬರುವುದು. ಮೇಸ್ತ್ರಿ ಅದನ್ನು ಮೂರು ಸಲ ಓದಿದ. ಓದುವುದಕ್ಕೆ ಕಿವಿ ಬೇಕಿಲ್ಲವಲ್ಲ. ಕೊಡಬೇಕು ಎನ್ನುವವರು ಕೈ ಎತ್ತಬೇಕು, ಅಷ್ಟೇ ತಾನೆ? ತನ್ನ ಕಡೆ ಹದಿನಾರು ಕೈ, ಕ್ಲಬ್ಬಿನಲ್ಲಿ ಒಟ್ಟು ಮೂವತ್ತೊಂದು. ಗೆದ್ದಂತೆಯೇ.

ಸಭೆ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ, ಹರಿದ ನೆಟ್‌ಗಳ ಮತ್ತು ಬೆವರಿನ ಬೂಟುಗಳ ನಡುವೆ ಸೇರಿತು. ಡಾಕ್ಟರು ಹಲ್ಲಿನ ಕಥೆ ಹೇಳಿದರು. ರೆಫರಿ ಕೆನ್ನೆ ತೋರಿಸಿದ. ಗೋಲು ಕಾಯುವ ಗೋಲಿ ಎದ್ದು, "ಕೋಣ ಇರ್ಲಿ ಸಾರ್. ಅದು ಇಲ್ದಿದ್ರೆ ಗೋಲಲ್ಲಿ ನಿಂತಲ್ಲೇ ನಿದ್ದೆ ಬಂದುಬಿಡುತ್ತೆ" ಎಂದ.

"ನಿದ್ದೆ ಈಗ್ಲೂ ಬರ್ತಿದೆಯಲ್ಲಪ್ಪ, ಹೋದ ವಾರ ಐದು ಗೋಲು ಬಿಟ್ಯಲ್ಲ" ಎಂದಿತು ಹಿಂದಿನಿಂದ ಒಂದು ದನಿ.

ಮುಂದಿನ ಬೆಂಚಿನಲ್ಲಿ ಹದಿನಾರು ತಲೆಗಳು ಎಲ್ಲರ ಮಾತಿಗೂ ಸಮನಾಗಿ ಆಡಿದವು. ಆಮೇಲೆ ಡಾಕ್ಟರು ಕನ್ನಡಕ ಸರಿಮಾಡಿಕೊಂಡು, "ಮೊದಲು ಕಹಳೆ ಬೇಡ ಅನ್ನೋರು ಕೈ ಎತ್ತಿ" ಎಂದು, ತಾವೇ ಮೊದಲು ಎತ್ತಿದರು.

ಮೇಸ್ತ್ರಿಗೆ ಕಂಡದ್ದು ಕೈ ಮಾತ್ರ. ಅಬ್ಬಾ, ಹಲ್ಲು ಕೀಳುವವನಿಗೂ ಹೃದಯ ಇದೆಯಲ್ಲ ಎಂದು ಅವನ ಕಣ್ಣು ತುಂಬಿತು. ಒಂದಲ್ಲ, ಎರಡೂ ಕೈ ಎತ್ತಿ ನಿಂತ. ನಲವತ್ತು ವರ್ಷದ ರೂಢಿ ಎಲ್ಲಿ ಹೋಗುತ್ತದೆ? ಗ್ಯಾಂಗಿನ ಹದಿನೈದು ಕೈಗಳೂ ಕೀಲಿ ಕೊಟ್ಟಂತೆ ಮೇಲೆದ್ದವು. ಕೋಣ ಇಪ್ಪತ್ತೇಳಕ್ಕೆ ನಾಲ್ಕರಿಂದ ಸೋತಿತು. ಗೋಲಿ ಬಾಯಿ ತೆರೆದು ನೋಡಿದ. ಮೇಸ್ತ್ರಿ ಎಲ್ಲರ ಕೈ ಕುಲುಕಿ, ಡಾಕ್ಟರನ್ನು ತಬ್ಬಿಕೊಂಡು ಮನೆಗೆ ಬಂದ.

ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅವಳ ತಮ್ಮ ಆಗಲೇ ಬಂದು ಸುದ್ದಿ ಒದರಿ ಹೋಗಿದ್ದ. ಮದುವೆಯಾದ ವರ್ಷವೇ ಕಾರ್ಖಾನೆಯ ಸನ್ನೆಗಳನ್ನು ಕಲಿತ ಹೆಂಗಸು ಅವಳು. ಸೂಜಿ ಬದಿಗಿಟ್ಟು, ತುಟಿಯ ಮುಂದೆ ಕೈ ಹಿಡಿದು ಊದುವಂತೆ ತೋರಿಸಿದಳು, ಮುಷ್ಟಿ ಹಿಡಿದಳು, ಆಮೇಲೆ ಬೆರಳಿನಿಂದ ಅವನ ಎದೆಗೆ ತಿವಿದಳು. ಕಹಳೆ ಬಂದ್, ಮಾಡಿದ್ದು ನೀವೇ.

ಮೇಸ್ತ್ರಿ ಗೋಡೆಗೆ ಒರಗಿಸಿದ್ದ ಕೋಣವನ್ನು ನೋಡಿದ. ಮೂವತ್ತು ವರ್ಷ ಮುಚ್ಚಿಟ್ಟದ್ದನ್ನು ಒಂದು ಸಂಜೆಗೆ ಬಿಚ್ಚುವುದುಂಟೆ?

"ಗೊತ್ತು. ಬೇಕಂತಲೇ ಎತ್ತಿದೆ. ಜನಕ್ಕೆ ತೊಂದ್ರೆ ಆಗ್ಬಾರ್ದು ನೋಡು."

"ಆಹಾ, ದೊಡ್ಡ ತ್ಯಾಗಿ!" ಎಂದಳು ಅವಳು. ಅದನ್ನು ಸನ್ನೆಯಲ್ಲಿ ಹೇಳಲಿಲ್ಲ.

ಊರು ಮಾತ್ರ ನಂಬಿತು. ದಾರಿಯಲ್ಲಿ ಸಿಕ್ಕವರೆಲ್ಲ ತ್ಯಾಗಿ ಮೇಸ್ತ್ರಿ ಎಂದು ಕೈ ಮುಗಿದರು. ಡಾಕ್ಟರು ಒಂದು ಹಲ್ಲು ಪುಕ್ಕಟೆ ಕೀಳುತ್ತೇನೆಂದರು, ಯಾವುದು ಬೇಕಾದರೂ.

ಮುಂದಿನ ಭಾನುವಾರ ಮೇಸ್ತ್ರಿ ಬರಿಗೈಯಲ್ಲಿ ಬೆಂಚಿಗೆ ಹೋದ. ಬಿಸಿಲು, ಹುಲ್ಲು, ಓಡುವ ಕಾಲುಗಳು, ಮೀನುಬಾಯಿಗಳು. ಒಮ್ಮೆ ಬಗ್ಗಿ ಬೂಟಿನ ದಾರ ಕಟ್ಟಿ ತಲೆ ಎತ್ತುವಷ್ಟರಲ್ಲಿ ಎರಡೂ ತಂಡ ಮೈದಾನದ ನಡುವೆ ನಿಂತಿದ್ದವು. ಗೋಲು ಆಗಿದೆ. ಯಾರದು? ಪಕ್ಕದವನ ಮುಖ ನೋಡಿದ. ಅವನು ತಲೆ ಆಡಿಸಿದ. ಅದರಾಚೆಯವನೂ ಆಡಿಸಿದ. ಸಾಲಿನ ಕೊನೆಯವರೆಗೂ ತಲೆಗಳು ಆಡಿದವು. ಎಲ್ಲರ ಕಣ್ಣೂ ಪಕ್ಕದವನ ಮುಖದ ಮೇಲೆ! ಮೇಸ್ತ್ರಿಗೆ ಆಗ ಹೊಳೆಯಿತು: ಈ ನನ್ನ ಮಕ್ಕಳಿಗೂ ಕೇಳಿಸುವುದಿಲ್ಲ!

ಅರ್ಧ ಆಟ ಮುಗಿದೊಡನೆ ಬೇಲಿ ದಾಟಿ ನೇರ ಬಾಮೈದನ ಬಳಿಗೆ ನಡೆದ. ಗಂಟಲು ಸರಿಮಾಡಿಕೊಂಡು, ಗುಟ್ಟು ಹೇಳುವಂತೆ, ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದ:

"ನೋಡಪ್ಪ, ನಂಗೆ ಕಿವಿ ಕೇಳ್ಸಲ್ಲ! ಯಾರಿಗೂ ಹೇಳ್ಬೇಡ!"

"ಇಪ್ಪತ್ತು ವರ್ಷದಿಂದ ಇಡೀ ಊರಿಗೇ ಗೊತ್ತು ಭಾವ" ಎಂದ ರೆಫರಿ.

ಅದೂ ಕೇಳಿಸಲಿಲ್ಲ. ಮೇಸ್ತ್ರಿ ಮುಂದುವರಿಸಿದ: "ಅವತ್ತು ಏನಕ್ಕೆ ಕೈ ಎತ್ತಿದೆ ಅಂತ ದೇವರಾಣೆ ಗೊತ್ತಿರ್ಲಿಲ್ಲ. ಕೋಣ ಊದಿದ್ರೆ ಮಾತ್ರ ನಂಗೆ ಏನೋ ಒಂಚೂರು ಕೇಳ್ಸುತ್ತೆ. ಅದೂ ಇಲ್ಲ ಅಂದ್ರೆ ನಾನಿಲ್ಲಿ ಬರೋದ್ಯಾಕೆ? ಮನೇಲಿ ಗೋಡೆ ನೋಡ್ಕೊಂಡು ಕೂತ್ರೂ ಅಷ್ಟೇ."

ಬೆಂಚಿನ ಹದಿನೈದು ಮಂದಿಗೆ ಒಂದಕ್ಷರವೂ ಕೇಳಿಸಲಿಲ್ಲ, ಆದರೂ ತಲೆ ಆಡಿಸಿದರು. ಡಾಕ್ಟರಿಗೆ ಗೋಡೆಯಾಚೆ ಕೇಳಿಸಿತು. ಆ ಕ್ಷಣ ಅವರ ಇಕ್ಕಳದಲ್ಲಿ ಯಾರ ಹಲ್ಲಿತ್ತೋ, ಅವನಿಗೂ ಕೇಳಿಸಿತು.

ಮತ್ತೆ ಸಭೆ ಸೇರಿತು. ಈ ಸಲ ಕೈ ಎತ್ತುವುದು ಬೇಡ, ಚೀಟಿಯಲ್ಲಿ ಬರೆಯಿರಿ ಎಂದು ರೆಫರಿಯೇ ಹಟ ಹಿಡಿದ. ಕೋಣ ಗೆದ್ದ ಮೇಲೆ ಅವನೇ ಕೂತು ನಿಯಮವನ್ನೂ ಬರೆದ: ಆಟ ನಡೆಯುವಾಗ ಊದಕೂಡದು, ಕಹಳೆಯ ಬಾಯಿ ದವಾಖಾನೆಯ ಕಡೆ ತಿರುಗಿಸಕೂಡದು, ಗೋಲು ಆದಾಗ ಮಾತ್ರ ಒಂದೊಂದು ಸಲ ಊದಬಹುದು. ಡಾಕ್ಟರು ನಿಟ್ಟುಸಿರುಬಿಟ್ಟು ಸಹಿ ಹಾಕಿದರು. ನಮ್ಮ ತಂಡ ಗೋಲು ಹೊಡೆದು ಎರಡು ವರ್ಷವಾಗಿತ್ತು, ಅದು ಅವರ ಧೈರ್ಯ.

ಆದರೆ ನಿಯಮದಲ್ಲಿ ಗೋಲು ಎಂದಿತ್ತು, ಯಾರ ಗೋಲು ಎಂದಿರಲಿಲ್ಲ. ಓದುವುದರಲ್ಲಿ ಮೇಸ್ತ್ರಿ ಗಟ್ಟಿಗ.

ಆ ಭಾನುವಾರ ಹೊರಗಿನ ತಂಡ ಬಂದು ನಮ್ಮವರನ್ನು ಏಳು ಸೊನ್ನೆಯಿಂದ ಚಚ್ಚಿ ಹಾಕಿತು. ಏಳು ಸಲವೂ ಮೇಸ್ತ್ರಿ ಎದ್ದು ನಿಂತು, ಎದೆ ತುಂಬಿ, ಕಣ್ಣು ಮುಚ್ಚಿ ಊದಿದ. ಗೋಲಿ ಅಳುಮುಖ ಮಾಡಿಕೊಂಡು, "ಮೇಸ್ತ್ರಿ, ನೀವು ಯಾರ ಕಡೆ?" ಎಂದು ಕೇಳಿದ. ಹದಿನಾರು ಮುದುಕರೂ "ಸರಿ ಸರಿ" ಎಂದರು.

ಸಂಜೆ ಕೋಣವನ್ನು ಹೊತ್ತು ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ಯಂತ್ರ ತುಳಿಯುತ್ತಲೇ ಕೂಗುಗಳನ್ನು ಎಣಿಸಿದ್ದಳು. ಏಳು ಬೆರಳು ತೋರಿಸಿ, ಹುಬ್ಬು ಹಾರಿಸಿ, ಗೆದ್ದ ಪೈಲ್ವಾನನ ಹಾಗೆ ತೋಳು ಬಡಿದು ಕೇಳಿದಳು: ಏಳು ಗೋಲು? ಗೆದ್ದುಬಿಟ್ರಾ?

ಈ ಸಲ ಪ್ರಶ್ನೆ ಮೇಸ್ತ್ರಿಗೆ ಸ್ಪಷ್ಟವಾಗಿ ತಿಳಿಯಿತು. ಬುರುಡೆಯೊಳಗೆ ಏಳನೆಯ ಊದು ಇನ್ನೂ ಸುತ್ತುತ್ತಿತ್ತು. ಅವಳ ಮುಖ ನೋಡಿದ, ಕೋಣವನ್ನು ಗೋಡೆಗೆ ಒರಗಿಸಿದ, ನಿಧಾನವಾಗಿ ತಲೆ ಆಡಿಸಿದ.