ಅನ್ನವ್ವನ ಎಡಗೈ

ಬೆಳಿಗ್ಗೆ ಒಲೆ ಹೊತ್ತಿಸಿದ ಕೂಡಲೇ ಅನ್ನವ್ವ ಬಟ್ಟಲಲ್ಲಿ ಔಡಲೆಣ್ಣೆ ಬೆಚ್ಚಗೆ ಮಾಡುತ್ತಾಳೆ. ಎಡಗೈಗೆ ತಿಕ್ಕಿ, ಅಂಗೈಯನ್ನು ಪಡಸಾಲೆಯ ಕಂಬಕ್ಕೆ ಒತ್ತಿ, ಹಲ್ಲು ಕಚ್ಚಿ ನಿಲ್ಲುತ್ತಾಳೆ. ಹಬ್ಬವಿರಲಿ, ಜ್ವರವಿರಲಿ, ಇದು ತಪ್ಪಿದ್ದಿಲ್ಲ. ಆಮೇಲೆ ಸ್ನಾನ, ಪೂಜೆ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣೆದುರು ಹಿಡಿಯಬೇಕು. ಅವಳ ಕೊನೆಯ ಎರಡು ಬೆರಳು ಒಳಕ್ಕೆ ಮಡಚಿವೆ. ಅಂಗೈ ಸಪಾಟಾಗದು, ಲಿಂಗ ವಾಲುತ್ತದೆ. ಬಲಗೈಯಿಂದ ತಡೆದರೆ ಹೂ ಏರಿಸುವುದು ಯಾವ ಕೈಯಿಂದ?

ಮದುವೆಯಾಗಿ ತಿಳವಳ್ಳಿಗೆ ಬಂದ ಮೇಲೆ, ಅವಳ ಮೂವತ್ತಾರನೆಯ ವಯಸ್ಸಿನ ಬೇಸಿಗೆಯಲ್ಲಿ, ಮುಂಗೈ ಮೇಲೆ ಮೇಣದಂತೆ ಹೊಳೆಯುವ ಬಿಳಿ ಪಟ್ಟೆ ಕಾಣಿಸಿತು, ಅಂಚೆಲ್ಲ ನೇರಳೆ. ಮುಟ್ಟಿದರೆ ಒಣಚಕ್ಕಳದಂತೆ ಬಿರುಸು. ಅದು ಮಣಿಕಟ್ಟು ದಾಟಿ ಬೆರಳಿಗೆ ಇಳಿಯಿತು. ಕುಷ್ಠವೆಂದು ಓಣಿಯವರು ಪಿಸುಗುಟ್ಟಿದರು. ಅತ್ತೆ ಸರೋಜವ್ವ ಕಿವಿಗೊಡಲಿಲ್ಲ. ಒಳ್ಳೆಯ ಹೆಂಗಸು.

"ಕೈಗೆ ದಣಿವಾಗೇತಿ. ಕಟ್ಟಿ ಇಡೂಣು, ತಾನ ಮೆತ್ತಗಾಗತೈತಿ" ಎಂದು ಲೇಪ ಹಚ್ಚಿ, ಅರಿವೆ ಸುತ್ತಿ, ಕೈಯನ್ನು ಕೊರಳಿಗೆ ತೂಗುಹಾಕಿದಳು. ರೊಟ್ಟಿ ತಾನೇ ತಟ್ಟಿದಳು, ನೀರು ತಾನೇ ಹೊತ್ತಳು. ಪೂಜೆಗಷ್ಟೇ ಕಟ್ಟು ಬಿಚ್ಚುವುದು. ಮೂರು ವರ್ಷ ಸೊಸೆ ಎಡಗೈಯಿಂದ ಒಂದು ಕಡ್ಡಿ ಎತ್ತಲಿಲ್ಲ.

ಅತ್ತೆಯ ಮಾತು ನಿಜವಾಯಿತು ಕೂಡ. ಹರಡುವುದು ನಿಂತು ಚರ್ಮ ಮೆತ್ತಗಾಯಿತು. ಕಂದು ಕಲೆ ಉಳಿಯಿತು. ಬೆರಳು ಮಾತ್ರ ಬಿಚ್ಚಲಿಲ್ಲ.

ಹಾನಗಲ್ಲಿಗೆ ಬಂದಿದ್ದ ಡಾಕ್ಟರರು ಕೈ ಹೊರಳಿಸಿ ನೋಡಿದರು. "ಬ್ಯಾನಿ ಆರೇತಿ ತಂಗಿ. ಜೀವಕ್ಕ ಧಕ್ಕಿ ಇಲ್ಲ, ಮಂದಿಗೆ ಹತ್ತೂದಿಲ್ಲ. ಮುಂದ ಎಂದಾದ್ರೂ ಬ್ಯಾರೆ ಕಡೆ ಎದ್ದರೂ ಏಳಬಹುದು, ಇಲ್ಲಂದ್ರ ಇಲ್ಲ."

"ಬೆರಳರೀ?"

"ಆವಾಗ ದಿನಾ ಚಾಚಿದ್ರ ಇಷ್ಟ ಒಳಗ ಜಗ್ಗತಿದ್ದಿಲ್ಲ. ಕಟ್ಟಿ ಇಟ್ಟು ಕೆಡಿಸಿದ್ರಿ. ಈಗ ಚಾಚು, ಪೂರಾ ಬರೂದಿಲ್ಲ, ಆದ್ರ ಇನ್ನಷ್ಟು ಮಡಚೂದಿಲ್ಲ."

ಬಸ್ಸಿನಲ್ಲಿ ಗಂಡ ಮಹಾಲಿಂಗಪ್ಪ, "ಗುಣ ಆತಲ್ಲ, ಅಳೂದ್ಯಾಕ?" ಎಂದ.

"ಗುಣ ಆತಂತನ ಅಳಾಕತ್ತೇನಿ" ಎಂದು ಅವಳು ಮುಖ ತಿರುವಿದಳು. ಬೈದವರ ಮೇಲೆ ಸಿಟ್ಟಾಗುವುದು ಸುಲಭ. ಪ್ರೀತಿಯಿಂದ ಕೈ ಕಟ್ಟಿಟ್ಟವರ ಮೇಲೆ ಹೇಗೆ ಆಗುವುದು? ಮನೆಗೆ ಬಂದರೆ ಅತ್ತೆ ಮತ್ತೆ ಲಟ್ಟಣಿಗೆ ಕಸಿದುಕೊಂಡಳು. ಓಣಿಯ ತಿಪ್ಪವ್ವ ಕಂಡಾಗಲೆಲ್ಲ, "ಇನ್ನೂ ಹೋಗಿಲ್ಲೇನ ನಿನ್ನ ಜಡ್ಡು?" ಎಂದು ಕೇಳುವಳು.

ಐದು ವರ್ಷ ಒತ್ತಿದ್ದಕ್ಕೆ ಬೆರಳು ಗೋಧಿಕಾಳಿನಷ್ಟು ಸಡಿಲವಾಗಿದೆಯೋ ಏನೋ. ಕಳೆದ ಶ್ರಾವಣ ಸೋಮವಾರ ಪೂಜೆಯ ನಡುವೆ ಲಿಂಗ ಜಾರಿ ಮಡಿಲಿಗೆ ಬಿತ್ತು. ಅನ್ನವ್ವ ಕೂಗಿಕೊಂಡಳು. ಅತ್ತೆ ಓಡಿಬಂದು ಎದುರು ಕುಳಿತಳು.

"ತಾ ಮಗಳ, ನಿನ್ನ ಕೈ ಕೆಳಗ ನನ್ನ ಕೈ ಇಡ್ತೇನಿ. ನಾ ಇರೂತನಕ ದಿನಾ ಹಿಡೀತೇನಿ. ಶಿವಾ ಸಿಟ್ಟಾಗೂದಿಲ್ಲ."

ಮುದುಕಿಯ ಕೈ ಆಗಲೇ ಚಾಚಿತ್ತು.

"ಬ್ಯಾಡ್ರಿ ಅತ್ತಿ. ನೀವು ಹಿಡಿದ್ರ ಈ ಕೈ ಮತ್ತ ಮೈಗಳ್ಳ ಆಗತೈತಿ."

"ಮತ್ತ ಬಿದ್ರ?"

"ಬಿದ್ರ ನನ್ನ ಮಡಲಾಗ ಬೀಳತೈತಿ. ನೀವು ಏಳ್ರಿ."