ಒಂದು ಚೆಂಬು ತಣ್ಣೀರು

ಹೋದ ವಾರ ಚಳ್ಳಕೆರೆಯಲ್ಲಿ ಅಪರೂಪಕ್ಕೆ ಜೋರು ಮಳೆ ಬಂತು. ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದರೆ ಒದ್ದೆ ಸುಣ್ಣದ ವಾಸನೆ. ಸೀರೆ ವ್ಯಾಪಾರಿಗೆ ಆ ವಾಸನೆ ಮೂಗಿಗೆ ಬಡಿದರೆ ಎದೆ ಹಾರುತ್ತದೆ. ರೇಷ್ಮೆಯ ಕಪಾಟಿನ ಕಡೆ ಓಡಬೇಕಾದವನು ನಾನು ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ಓಡಿದೆ. ಅಲ್ಲಿ ನಮ್ಮ ಅವ್ವನ ಚಿತ್ರ ಇದೆ. ಸರಿಯಾಗಿ ಅದರ ಬೆನ್ನ ಹಿಂದೆಯೇ ನೀರು ಇಳಿದಿತ್ತು. ಚೌಕಟ್ಟಿನ ಹಿಂದಿನ ರಟ್ಟು ಮುಟ್ಟಿದರೆ ನೆನೆದ ರೊಟ್ಟಿಯಂತೆ ಮೆತ್ತಗಿತ್ತು.

ನಿಮಗೊಂದು ಮಾತು ಹೇಳಿಬಿಡುತ್ತೇನೆ, ಮರೆಯಬೇಡಿ. ಚಿತ್ರವನ್ನು ಗೋಡೆಗೆ ಮೆತ್ತಿದ ಹಾಗೆ ನೇತು ಹಾಕಬಾರದು. ಹಿಂದೆ ಎರಡು ಬಿರಡೆ ಕೊಟ್ಟು ಗಾಳಿಗೆ ದಾರಿ ಬಿಡಬೇಕು. ಇದನ್ನು ನಾನು ಎಷ್ಟೋ ಗಿರಾಕಿಗಳಿಗೆ ಸೀರೆಯ ಜೊತೆ ಪುಕ್ಕಟೆಯಾಗಿ ಹೇಳಿದ್ದೇನೆ. ನನ್ನ ಗೋಡೆಗೆ ಮಾತ್ರ ಮಾಡಿರಲಿಲ್ಲ.

ಹಾಳಾದರೆ ಇನ್ನೊಂದು ಪ್ರತಿ ಮಾಡಿಸಿದರಾಯಿತು ಎನ್ನುತ್ತೀರಿ. ಇನ್ನೊಂದಾಗದು. ಅದಕ್ಕೇ ನೆಲದ ಮೇಲೆ ಕೂತು, ಚೌಕಟ್ಟನ್ನು ಮಡಿಲಲ್ಲಿ ಮಗುಚಿಕೊಂಡು ಮೆಲ್ಲಗೆ ಮೊಳೆ ಕೀಳತೊಡಗಿದೆ. ಮೊಳೆಗಳಿಗೆ ತುಕ್ಕು ಹಿಡಿದಿತ್ತು, ಒಂದೊಂದೂ ಹಟ ಮಾಡುತ್ತಿತ್ತು. ಅಷ್ಟು ಹೊತ್ತಿಗೆ ಮನಸ್ಸು ಮೊಳಕಾಲ್ಮೂರಿಗೆ ಹೋಗಿ ಬಂತು.

ಅವ್ವ ಮೊಳಕಾಲ್ಮೂರಿನ ಮಗ್ಗದ ಮನೆಗಳಿಂದ ಸೀರೆ ಎತ್ತಿ, ಗಂಟು ಕಟ್ಟಿ ಹೆಗಲಿಗೇರಿಸಿ, ದೇವಸಮುದ್ರದ ಕಡೆಯ ಹಳ್ಳಿಗಳಲ್ಲಿ ಮನೆಮನೆಗೆ ಮಾರಿದವಳು. ನನ್ನ ಅಂಗಡಿ ಆ ಗಂಟಿನಿಂದ ಇಳಿದದ್ದು. ಊರ ಹೆಣ್ಣುಮಕ್ಕಳೆಲ್ಲ ಅವಳು ಆರಿಸಿಕೊಟ್ಟ ಸೀರೆ ಉಟ್ಟು ಫೋಟೋ ತೆಗೆಸಿಕೊಂಡರು. ಅವಳನ್ನು ನಿಲ್ಲು ಎಂದವರು ಯಾರೂ ಇಲ್ಲ. ಗುರುತಿನ ಚೀಟಿಯಲ್ಲಿ ಒಂದು ಮುಖ ಇತ್ತು, ಅದು ಅವಳದು ಎಂದು ಅವಳೇ ಒಪ್ಪುತ್ತಿರಲಿಲ್ಲ. ಅವಳೂ ನಾನೂ ಒಟ್ಟಿಗಿರುವ ಫೋಟೋ ಅಂತೂ ಇಲ್ಲವೇ ಇಲ್ಲ. ದಿನಾ ಜೊತೆಗೇ ಇರುವವರು ಫೋಟೋ ಯಾಕೆ ತೆಗೆಸಿಕೊಳ್ಳುತ್ತಾರೆ ಹೇಳಿ.

ತಿಪ್ಪೇಶಣ್ಣನದು ಮೊಳಕಾಲ್ಮೂರಿನಲ್ಲಿ ಸ್ಟುಡಿಯೋ. ಎಲ್ಲರ ಕೈಗೂ ಫೋನು ಬಂದಾಗ ಅವನ ಸ್ಟುಡಿಯೋಗೆ ನೊಣವೂ ಬರದಾಯಿತು. ಅವನ ಜಾಗದಲ್ಲಿ ನಾನಿದ್ದರೆ ಜೆರಾಕ್ಸ್ ಮಿಷನ್ ಹಾಕುತ್ತಿದ್ದೆ, ಹಾಗೆಂದು ಹೇಳಿಯೂ ಇದ್ದೆ. ಅವನು ಎಲ್ಲಿಂದಲೋ ಮರದ ದೊಡ್ಡ ಡಬ್ಬದ ಕ್ಯಾಮೆರಾ ತಂದು, ನೂರು ವರ್ಷದ ಹಿಂದಿನವರ ಹಾಗೆ ಕಾರ್ಬನ್ ಪ್ರಿಂಟ್ ಮಾಡಲು ಕೂತ. ಕಾರ್ಬನ್ ಎಂದರೆ ಬಿಲ್ ಪುಸ್ತಕದೊಳಗಿನ ನೀಲಿ ಹಾಳೆ ಎಂದು ತಿಳಿದಿದ್ದೆ. ಕೇಳಿ ನಕ್ಕ.

"ದೀಪದ ಮಸಿ ಕಣಲೇ ಇದು. ನಿಮ್ಮವ್ವ ನಿನ್ ಕಣ್ಣಿಗೆ ಹಚ್ತಿದ್ಲಲ್ಲ, ಅದೇ ಕಾಡಿಗೆ. ಬಣ್ಣ ಬಾಡ್ತೈತೆ, ಕಾಗ್ದ ಹಳದಿ ಆಗ್ತೈತೆ. ಮಸಿ ಬಾಡಿದ್ದು ಎಲ್ಲಾನ ಕಂಡಿದೀಯಾ?"

ವಿನಯ ಅನ್ನುವುದು ಅವನ ಹತ್ತಿರ ಸುಳಿದಿರಲಿಲ್ಲ. ತಾನು ಮಾಡಿದ ಚಿತ್ರವನ್ನು ತಾನೇ ಹೊಗಳಿಕೊಂಡು, ಸಾಲದೆ ನಮ್ಮಿಂದಲೂ ಹೊಗಳಿಸಿಕೊಳ್ಳುತ್ತಿದ್ದ. ಆದರೆ ಒಂದು ಸಲ ಅವನ ಕೈಯಿಂದ ಚಿತ್ರ ತೆಗೆದುಕೊಂಡು, ನನ್ನ ಅಭ್ಯಾಸದಂತೆ ಕಿಟಕಿಯ ಬೆಳಕಿಗೆ ಓರೆ ಮಾಡಿದೆ. ರೇಷ್ಮೆಯನ್ನು ನೇರ ನೋಡಿ ಕೊಂಡವನು ಮೋಸ ಹೋಗುತ್ತಾನೆ. ಓರೆ ಮಾಡಿದರೇ ನೂಲು ನಿಜ ಹೇಳುವುದು. ಈ ಚಿತ್ರವೂ ಹಾಗೆ. ಕಪ್ಪು ಇರುವಲ್ಲಿ ಮಸಿ ದಪ್ಪವಾಗಿ ಎದ್ದು ನಿಂತಿತ್ತು, ಬೆಳಕಿರುವಲ್ಲಿ ತೆಳ್ಳಗೆ ತಗ್ಗಿತ್ತು. ಕಾಗದದ ಮೇಲೆ ಯಾರೋ ನೇಯ್ದ ಹಾಗೆ. ಕಪ್ಪಿನೊಳಗೆ ಇನ್ನೊಂದು ಕಪ್ಪು, ಅದರೊಳಗೆ ಮತ್ತೊಂದು. ನೀವು ಎಲ್ಲಾದರೂ ಇಂಥದ್ದು ಕಂಡರೆ ಗಾಜು ತೆಗೆಸಿ, ಓರೆ ಮಾಡಿ ನೋಡಿ. ಕೊಳ್ಳದಿದ್ದರೂ ಪರವಾಗಿಲ್ಲ.

ಅವನ ಹೆಂಡತಿ ಲಕ್ಷ್ಮಕ್ಕನಿಗೆ ಸೀರೆ ತೋರಿಸಲು ಹೋದ ಅವ್ವನನ್ನು ಅವನು ಗಂಟಿನ ಸಮೇತ ಮೆಟ್ಟಿಲ ಮೇಲೆ ಕೂರಿಸಿ ಆ ಡಬ್ಬದಲ್ಲಿ ಹಿಡಿದಿದ್ದ. ನಾನಂದು ಚಳ್ಳಕೆರೆಯ ಅಂಗಡಿಯಲ್ಲಿದ್ದೆ. "ಅಲುಗಾಡಬ್ಯಾಡ ದೊಡ್ಡವ್ವಾ" ಎಂದರೆ, "ರೇಟು ಮಾತಾಡ್ದಂಗೆ ಹೆಂಗಿರ್ಲೋ ಯಪ್ಪಾ?" ಎಂದಳಂತೆ. ಮರುವರ್ಷ ಅವ್ವ ಹೋದಳು. ತಿಥಿ ಮುಗಿಸಿದ ಮೇಲೆ ಆ ನೆಗೆಟಿವ್ ನೆನಪಾಗಿ ನಾನು ಮೊದಲ ಬಸ್ಸಿಗೇ ಮೊಳಕಾಲ್ಮೂರಿಗೆ ಹೋದೆ.

ಅವನು ಅದನ್ನು ಹೊರತೆಗೆದಾಗ ಮುಖ ಸಣ್ಣದು ಮಾಡಿದ. ಮೂಲೆಗೆ ಬೂಷ್ಟು ಹಿಡಿದು, ಮೇಲಿನ ಪದರ ಬಿರಿದಿತ್ತು. "ಒಂದ್ ಸಲ ತಡೀತೈತೆ. ಎರಡನೇ ಸಲದ ಮಾತು ಕೇಳಬ್ಯಾಡ."

ಮಸಿ ಬೆರೆಸಿದ ಜೆಲಾಟಿನ್ ಅಂಟನ್ನು ಬಳಿದ ಹಾಳೆ. ಅದರ ಮೇಲೆ ನೆಗೆಟಿವ್. ಅದರ ಮೇಲೆ ಗಾಜು. ಎಲ್ಲವನ್ನೂ ಸೇರಿಸಿ ಅಂಗಳದ ಬಿಸಿಲಿಗಿಟ್ಟ. ಬೆಳಕು ಬಿದ್ದ ಕಡೆ ಅಂಟು ಗಟ್ಟಿಯಾಗುತ್ತದೆ, ಬೀಳದ ಕಡೆ ಮೆತ್ತಗೇ ಉಳಿಯುತ್ತದೆ, ಆಮೇಲೆ ಬಿಸಿನೀರಿಗೆ ಕರಗುತ್ತದೆ, ಇಷ್ಟೇ ವಿದ್ಯೆ. ನನ್ನ ಬಾಯಿ ಸುಮ್ಮನಿರಬೇಕಲ್ಲ. "ಇನ್ನೊಂಚೂರು ಬಿಸ್ಲು ಹಾಕಣ್ಣ" ಎಂದೆ.

"ಬಿಸ್ಲಿಗೂ ಕೊಸರು ಕೇಳ್ತೀಯಲ್ಲೋ! ಸುಮ್ನೆ ಕೂತ್ಕೋ."

ಗಾಜು ಬಿಚ್ಚಿದಾಗ ನೆಗೆಟಿವ್‌ನ ಪದರ ಗಾಜಿಗೇ ಅಂಟಿಕೊಂಡು ಚೂರುಚೂರಾಗಿ ಎದ್ದು ಬಂತು. ಇನ್ನು ಅವ್ವ ಇರುವುದು ಆ ಕಪ್ಪು ಹಾಳೆಯೊಳಗೆ ಮಾತ್ರ, ಅದೂ ಇದ್ದರೆ.

ಹಾಳೆಯನ್ನು ಇನ್ನೊಂದು ಬಿಳಿ ಕಾಗದಕ್ಕೆ ನೀರಿನಲ್ಲಿ ಒತ್ತಿ ಅಂಟಿಸಿ, ಸ್ವಲ್ಪ ಹೊತ್ತು ಕಾದು, ಬಿಸಿನೀರಿನ ತಟ್ಟೆಗೆ ಬಿಟ್ಟ. ಅಂಚಿನಿಂದ ಕರೀ ನೀರು ಒಸರಿತು. ಮೇಲಿನ ಹಾಳೆಯನ್ನು ಮೆಲ್ಲಗೆ ಸುಲಿದ. ಕೆಳಗೆ ಬರೀ ಕೆಸರು. ಮುಖವಿಲ್ಲ, ಮೂಗಿಲ್ಲ. ಅವನು ತಟ್ಟೆಯನ್ನು ತೂಗಿದಷ್ಟೂ ಮಸಿ ಧಾರೆಧಾರೆಯಾಗಿ ಬಿಡತೊಡಗಿತು.

ಈಗ ನನ್ನ ಕಸುಬು ನೆನಪಿಟ್ಟುಕೊಳ್ಳಿ. ನೀರಿಗಿಟ್ಟಾಗ ಬಣ್ಣ ಬಿಟ್ಟ ಸೀರೆ ಸೀರೆಯೇ ಅಲ್ಲ. ಬಿಡುವುದು ಕಂಡ ಕೂಡಲೇ ತಣ್ಣೀರು ಹೊಯ್ದು ಎತ್ತಬೇಕು. ಇದು ಅವ್ವನೇ ಕಲಿಸಿದ್ದು, ನನ್ನ ಕೈಗೆ ಬುದ್ಧಿಗಿಂತ ಮೊದಲು ಗೊತ್ತಿರುವುದು. "ಬಿಡ್ತೈತೆ ಕಣಣ್ಣೋ! ಅವ್ವ ಹೋಗ್ತಾವ್ಳೆ!" ಎಂದು ಕೂಗಿ, ಪಕ್ಕದ ಬಕೆಟ್ಟಿನಿಂದ ಚೆಂಬು ತುಂಬಿ ಧಾರೆಯಾಗಿ ಹೊಯ್ದೇಬಿಟ್ಟೆ.

ಬಾಗಿಲಲ್ಲಿದ್ದ ಲಕ್ಷ್ಮಕ್ಕ ಆಂಧ್ರದ ಕಡೆಯವಳು, "ಒದ್ದು ನಾಯ್ನಾ, ಒದ್ದು!" ಎಂದು ತೆಲುಗಿನಲ್ಲೇ ಬೇಡ ಬೇಡವೆಂದು ಚೀರಿ ನನ್ನ ಮುಂಗೈ ಹಿಡಿದಳು. ಅಷ್ಟರಲ್ಲಿ ಚೆಂಬು ಖಾಲಿ.

"ಬಿಡ್ಲೇಬೇಕು ಕಣಲೇ ಮುಠ್ಠಾಳ!" ತಿಪ್ಪೇಶಣ್ಣನ ದನಿ ಒಡೆಯಿತು. "ಬ್ಯಾಡಾದ್ದು ಬಿಟ್ರೇನೇ ಬೇಕಾದ್ದು ನಿಲ್ಲೋದು. ತಣ್ಣೀರು ಕೊನೇಗೆ ಹಾಕ್ತಾರೆ. ಹೊರಗ್ ನಡಿ ನೀನು."

ನಾನು ಹೋಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೆ. ಅವನು ಮತ್ತೆ ಬಿಸಿನೀರು ತುಂಬಿ ತೂಗಿದ, ಕರೀ ನೀರು ಚೆಲ್ಲಿದ, ತುಂಬಿದ, ತೂಗಿದ. ಮೊದಲು ಕಂಡದ್ದು ಹಣೆ. ಆಮೇಲೆ ಮೂಗುಬಟ್ಟು. ಆಮೇಲೆ, ರೇಟು ಮಾತಾಡುತ್ತಿದ್ದರಿಂದ ಕೊಂಚ ಕದಲಿಹೋದ ತುಟಿ. ಅದನ್ನು ಕಂಡಾಗ ತಿಥಿಯ ದಿನವೂ ಬರದಿದ್ದ ಅಳು ಬಂತು. ಲಕ್ಷ್ಮಕ್ಕ ಅದೇ ಚೆಂಬಿನಲ್ಲಿ ಕುಡಿಯಲು ನೀರು ಕೊಟ್ಟಳು.

ಮುಖ ಉಳಿಯಿತು. ಆದರೆ ತಣ್ಣೀರಿನ ಧಾರೆ ನೇರ ಬಿದ್ದ ಕಡೆ, ಗಂಟು ಹೊತ್ತ ಹೆಗಲ ಮೇಲೆ, ಇನ್ನೂ ಎಳೆಯದಾಗಿದ್ದ ಮಸಿ ಕಿತ್ತು ಹೋಗಿ ಹುಣಸೆ ಬೀಜದಷ್ಟು ಬಿಳಿ ಬಿದ್ದಿತ್ತು. ಚೌಕಟ್ಟು ಹಾಕಿಸುವಾಗ ನಾನು ವ್ಯಾಪಾರಿಯ ಕೆಲಸ ಮಾಡಿದೆ. ಸೀರೆಯಲ್ಲಿ ನೂಲು ತಪ್ಪಿದ್ದರೆ ಆ ಭಾಗ ಒಳಮಡಿಕೆಗೆ ಬರುವಂತೆ ಮಡಚುತ್ತೇವಲ್ಲ, ಹಾಗೆ. ಸುತ್ತಲಿನ ಬಿಳಿ ರಟ್ಟಿನ ಅಂಚನ್ನು ಅಗಲ ಮಾಡಿಸಿ ಹೆಗಲನ್ನೇ ಮುಚ್ಚಿಸಿದೆ.

ಆ ಮಳೆಯ ಬೆಳಿಗ್ಗೆ ಕೊನೆಯ ಮೊಳೆ ಬಂತು. ಹಿಂದಿನ ರಟ್ಟು ಕೈಯಲ್ಲೇ ಕಳಚಿತು. ಅಂಚಿನ ರಟ್ಟು ಉಬ್ಬಿ ಕಂದು ಬಣ್ಣಕ್ಕೆ ತಿರುಗಿತ್ತು. ಉಸಿರು ಹಿಡಿದು ಚಿತ್ರವನ್ನು ಎತ್ತಿದೆ. ಕಾಗದದ ಒಂದು ತುದಿ ಮಾತ್ರ ತೇವ. ಮಸಿಗೆ ಏನೂ ಆಗಿರಲಿಲ್ಲ. ಬಾಗಿಲ ಬೆಳಕಿಗೆ ಓರೆ ಮಾಡಿದೆ. ಕೂದಲು ಎದ್ದಿತ್ತು, ಹಣೆ ತಗ್ಗಿತ್ತು, ತುಟಿ ಇನ್ನೂ ರೇಟು ಹೇಳುತ್ತಿತ್ತು. ಹೆಗಲ ಮೇಲೆ ಆ ಬಿಳಿ. ಹೆಬ್ಬೆರಳು ಇಟ್ಟೆ. ಸುತ್ತಲಿನ ಕಪ್ಪಿನ ನಡುವೆ ಅದೊಂದು ಸಣ್ಣ ಗುಳಿ, ನನ್ನ ಬೆರಳಿನ ತುದಿ ಸರಿಯಾಗಿ ಕೂತಿತು.

ಚಿತ್ರ ಪೂರಾ ಒಣಗಿದ ಮೇಲೆ ಹೊಸ ಚೌಕಟ್ಟು ಹಾಕಿಸಿದೆ. ಅಂಚಿನ ರಟ್ಟು ಬೇಡವೆಂದೆ, ಗಾಜಿಗೂ ಚಿತ್ರಕ್ಕೂ ನಡುವೆ ಸಂದು ಬಿಡಿಸಿದೆ, ಹಿಂದೆ ಎರಡು ಬಿರಡೆಯನ್ನೂ ಕೊಟ್ಟೆ. ನಿನ್ನೆ ನಾಯಕನಹಟ್ಟಿಯಿಂದ ಬಂದ ಹೆಣ್ಣುಮಗಳೊಬ್ಬಳು ಸೀರೆಯ ಸೆರಗನ್ನು ಮಡಿಕೆ ಮಡಿಕೆ ಬಿಡಿಸಿ ನೋಡುತ್ತಿದ್ದವಳು ಗೋಡೆಯ ಕಡೆ ಕತ್ತೆತ್ತಿದಳು.

"ನಿಮ್ಮವ್ವಾರೇನ್ರೀ? ಹೆಗ್ಲ ಮ್ಯಾಲೆ ಅದೇನ್ರೀ ಬೆಳ್ಳಗೆ?"

ಗಿರಾಕಿಯ ಪ್ರಶ್ನೆಗೆ ನನ್ನ ಬಳಿ ಉತ್ತರ ಯಾವಾಗಲೂ ತಯಾರಿರುತ್ತದೆ. ಈ ಸಲ ಕೈಲಿದ್ದ ಸೀರೆ ಕೆಳಗಿಟ್ಟು ಚಿತ್ರದ ಕಡೆ ತಿರುಗಿದೆ.

"ಅದು ನಾನು ಕಣಮ್ಮ" ಎಂದೆ. "ಅವ್ವನ ಜೊತೆ ನಾನಿರೋದು ಅದೊಂದೇ ಫೋಟೋ."